ದೊಡ್ಡ ಬೋರಿನ ಹಳೆಯ ಟ್ರಂಪೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ವಾದ್ಯಗಳ ಖರೀದಿ ಮತ್ತು ಆರೈಕೆಯ ಕುರಿತ ಈ ಅಂಕಣಕ್ಕೆ ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು: ಹಳೆಯ ಟ್ರಂಪೆಟ್, ಅದರಲ್ಲೂ ಬೋರು, ಅಂದರೆ ಕೊಳವೆಯ ಒಳವ್ಯಾಸ, ದೊಡ್ಡದಿರುವ ಟ್ರಂಪೆಟ್. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ಮದುವೆ, ಮೆರವಣಿಗೆಗಳ ಬ್ಯಾಂಡ್ ಸೆಟ್‌ನಲ್ಲಿಯೂ ಭಾನುವಾರ ಚರ್ಚಿನಲ್ಲಿಯೂ ಟ್ರಂಪೆಟ್ ನುಡಿಸುತ್ತಿದ್ದೇನೆ. ಈಗ ಇರುವುದು ಮೀರತ್‌ನಲ್ಲಿ ತಯಾರಾದ ವಾದ್ಯ. ಬೆಂಗಳೂರಿನಲ್ಲಿ ಈಚೆಗೆ ತೀರಿಕೊಂಡ ಹಿರಿಯ ವಾದಕರೊಬ್ಬರ ಮನೆಯವರು ಅವರ 1970ರ ದಶಕದ ಹೋಲ್ಟನ್ ಎಂ.ಎಫ್. ಹಾರ್ನ್ ಅನ್ನು ಮಾರಲು ಮನಸ್ಸು ಮಾಡಿದ್ದಾರೆ. ಅದರ ಬೋರು 0.468 ಇಂಚು. ಬೋರು ದೊಡ್ಡದಾದಷ್ಟೂ ನಾದ ದೊಡ್ಡದು ಎಂದು ಸ್ನೇಹಿತರು ಹೇಳಿದರೆ, ಅಂಥ ವಾದ್ಯಕ್ಕೆ ನಿನ್ನ ದಮ್ಮು ಸಾಲದು ಎಂದು ನಮ್ಮ ಮಾಸ್ತರರು ಎಚ್ಚರಿಸುತ್ತಾರೆ. ಕೊಳ್ಳಬಹುದೆ? ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು? (ಮೈಸೂರಿನ ಓದುಗರು)

ಉತ್ತರ: ನಿಮಗೆ ಒದಗಿಬಂದಿರುವ ವಾದ್ಯದ ಹೆಸರಿನಲ್ಲಿರುವ ‘ಎಂ.ಎಫ್.’ ಎಂಬ ಅಕ್ಷರಗಳು ಮೇನಾರ್ಡ್ ಫರ್ಗುಸನ್ ಅವರವು. 1928ರಲ್ಲಿ ಕೆನಡಾದಲ್ಲಿ ಹುಟ್ಟಿ, ಜಾಝ್ ಲೋಕದಲ್ಲಿ ತಾರಸ್ಥಾಯಿಯನ್ನೂ ದಾಟಿ ನುಡಿಸುವುದಕ್ಕೆ ಹೆಸರಾದ ಈ ವಾದಕರು 1960ರ ದಶಕದ ಕೊನೆಯಲ್ಲಿ ಸಂಸಾರಸಮೇತ ಭಾರತಕ್ಕೆ ಬಂದು, ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದ್ದರು. ಆಮೇಲೆ ಪುಟ್ಟಪರ್ತಿಗೂ ಬಂದು ಅಲ್ಲಿನ ವಿದ್ಯಾರ್ಥಿಗಳ ಬ್ರಾಸ್ ಬ್ಯಾಂಡನ್ನು ತಿದ್ದಿದರು. ಎರಡೂ ನಮ್ಮ ಗಡಿಗೆ ತಾಗಿದಂತಿರುವ ಊರುಗಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲ್ಕ್‌ಹಾರ್ನ್‌ನಲ್ಲಿದ್ದ ಹೋಲ್ಟನ್ ಕಂಪನಿಯು 1970ರ ದಶಕದಲ್ಲಿ ಅವರ ಹೆಸರಿನಲ್ಲಿ ತಯಾರಿಸಿದ ಟ್ರಂಪೆಟ್ ಇದು. ದೊಡ್ಡ ಬೋರಿನ ವಾದ್ಯವೆಂದರೆ ಇದೇ ಎನ್ನುವಷ್ಟು ಇದರ ಹೆಸರು ವಾದಕರ ಬಾಯಲ್ಲಿ ನಿಂತಿದೆ.

ಬೋರು ಎಂದರೆ ಬೆಲ್‌ನ, ಅಂದರೆ ವಾದ್ಯದ ತುದಿಯಲ್ಲಿ ಹೂವಿನಂತೆ ಅರಳಿದ ಬಾಯಿಯ, ಅಗಲವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬೆರಳಿನಿಂದ ಒತ್ತುವ ಮೂರು ವಾಲ್ವುಗಳಲ್ಲಿ ಎರಡನೆಯದರ ಸ್ಲೈಡನ್ನು, ಅಂದರೆ ಎಳೆದು ತೆಗೆಯಬಹುದಾದ ಕೊಳವೆಯ ತುಂಡನ್ನು, ಹೊರತೆಗೆದರೆ ಕಾಣುವ ಒಳಗೊಳವೆಯ ಒಳವ್ಯಾಸವೇ ಬೋರು. ಇಂದು ಹೆಚ್ಚು ಬಳಕೆಯಲ್ಲಿರುವ, ಅಮೆರಿಕದ ಬಾಕ್ ಕಂಪನಿಯ ಮೀಡಿಯಂ ಲಾರ್ಜ್ ಅಳತೆ 0.459 ಇಂಚು, ಅಂದರೆ 11.66 ಮಿಲಿಮೀಟರ್; ಅದೇ ಕಂಪನಿಯ ಲಾರ್ಜ್ 0.462 ಇಂಚು, ನಿಮ್ಮ ಹೋಲ್ಟನ್ 0.468 ಇಂಚು, ಅಂದರೆ 11.89 ಮಿಲಿಮೀಟರ್. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಕಾಲು ಮಿಲಿಮೀಟರಿಗಿಂತ ಕಡಿಮೆ, ಎರಡು ಮೂರು ತಲೆಗೂದಲುಗಳನ್ನು ಒಟ್ಟಿಗೆ ಹಿಡಿದಷ್ಟು ದಪ್ಪ. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಹೆಚ್ಚಳ ಶೇ. 4ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ನಿಮ್ಮ ಉಸಿರು ಈ ಕೊಳವೆಯನ್ನು ಮುಟ್ಟುವ ಮೊದಲೇ ಇದಕ್ಕಿಂತ ಕಿರಿದಾದ ಎರಡು ಬಾಗಿಲುಗಳನ್ನು ದಾಟಿ ಬಂದಿರುತ್ತದೆ ಎಂಬುದನ್ನು ಗಮನಿಸಬೇಕು. ಮೊದಲನೆಯದು ಮೌತ್‌ಪೀಸಿನ ಗಂಟಲು. ಸಾಮಾನ್ಯ ಬಾಕ್ ಮೌತ್‌ಪೀಸಿನಲ್ಲಿ ಅದು 27ನೇ ನಂಬರಿನ ಡ್ರಿಲ್‌ನಿಂದ ಕೊರೆದ ರಂಧ್ರ, ಅಳತೆ ಬರೀ 3.66 ಮಿಲಿಮೀಟರ್. ಎರಡನೆಯದು ಮೌತ್‌ಪೀಸ್ ಕೂರುವ ಲೀಡ್‌ಪೈಪಿನ ಬಾಯಿ. ಅದು ಸುಮಾರು 9 ಮಿಲಿಮೀಟರಿನಿಂದ ಶುರುವಾಗಿ ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ. ಕೆರೆಯ ತೂಬು ಕಿರಿದಾಗಿದ್ದರೆ ಕಾಲುವೆಯನ್ನು ಎಷ್ಟು ಅಗಲಿಸಿದರೂ ಹರಿಯುವ ನೀರು ಹೆಚ್ಚುವುದಿಲ್ಲ. ಹಾಗೆಂದು ಬೋರಿಗೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೊಡ್ಡ ಬೋರಿನ ವಾದ್ಯ ಎದುರೊತ್ತುವುದು ಸ್ವಲ್ಪ ಕಡಿಮೆ, ಅದರ ಸ್ವರಗಳು ತಮ್ಮ ಜಾಗದಲ್ಲಿ ಬಿಗಿಯಾಗಿ ಕೂರುವುದೂ ಸ್ವಲ್ಪ ಕಡಿಮೆ. ಅದು ಕೈಗೆ, ತುಟಿಗೆ ಖಂಡಿತ ತಿಳಿಯುತ್ತದೆ. ಆದರೆ ಆ ಅನುಭವದಲ್ಲಿ ಬೋರಿನ ಪಾಲು ಎಷ್ಟೋ ಅದಕ್ಕಿಂತ ಹೆಚ್ಚಿನ ಪಾಲು ಮೌತ್‌ಪೀಸಿನದು, ಲೀಡ್‌ಪೈಪಿನದು, ವಾಲ್ವುಗಳ ಬಿಗಿಯದು. ಫರ್ಗುಸನ್ ಅವರೇ ಈ ದೊಡ್ಡ ಕೊಳವೆಗೆ ಆಳ ಕಡಿಮೆಯಿರುವ ಮೌತ್‌ಪೀಸ್ ಹಾಕಿ ನುಡಿಸುತ್ತಿದ್ದರು. ಆದ್ದರಿಂದ ನಿಮ್ಮ ಸ್ನೇಹಿತರ ಮಾತನ್ನೂ ಮಾಸ್ತರರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಟ್ಟು, ಐವತ್ತು ವರ್ಷ ಬಾಳಿದ ಈ ವಾದ್ಯ ಇವತ್ತು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮಾತ್ರ ನೋಡಿ.

ಹೋಗುವಾಗ ನೀವು ದಿನವೂ ನುಡಿಸುವ ಮೌತ್‌ಪೀಸ್, ಒಂದು ಚಿಕ್ಕ ಟಾರ್ಚು, ತೆಳುವಾದ ವಾಲ್ವ್ ಎಣ್ಣೆ ಮತ್ತು ಒಂದು ಹಳೆಯ ಹತ್ತಿಬಟ್ಟೆಯನ್ನು ತೆಗೆದುಕೊಂಡು ಹೋಗಿ. ಮೊದಲು ವಾಲ್ವಿನೊಳಗೆ ಏರಿಳಿಯುವ ಪಿಸ್ಟನ್‌ಗಳನ್ನು ಹೊರತೆಗೆದು ಒರೆಸಿ, ನಿಮ್ಮ ಎಣ್ಣೆಯನ್ನೇ ಹಾಕಿ. ದಪ್ಪನೆಯ ಎಣ್ಣೆ ಸವೆದ ವಾಲ್ವಿನ ಸಂದನ್ನು ತುಂಬಿಕೊಂಡು ಸೋರಿಕೆಯನ್ನು ಮರೆಮಾಡುವುದರಿಂದ ಈ ಕೆಲಸವನ್ನು ಬಿಡಬಾರದು. ಆಮೇಲೆ ಯಾವ ವಾಲ್ವನ್ನೂ ಒತ್ತದೆ ಮೂರನೆಯ ಸ್ಲೈಡನ್ನು ಎರಡು ಬೆರಳಿನಷ್ಟು ಹೊರಗೆಳೆದು, ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಬಿಡಿ. ವಾಲ್ವು ಬಿಗಿಯಾಗಿದ್ದರೆ ಒಳಗಿನ ನಿರ್ವಾತ ಸ್ಲೈಡನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಪೂರ್ತಿ ಎಳೆದರೆ ಬಾಟಲಿಯ ಬಿರಡೆ ತೆಗೆದಂತೆ ‘ಟಪ್’ ಎನ್ನುತ್ತದೆ. ಸ್ಲೈಡು ಬಿಟ್ಟಲ್ಲೇ ನಿಂತು, ಎಳೆದಾಗಲೂ ಸದ್ದು ಮಾಡದಿದ್ದರೆ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿದೆ ಎಂದರ್ಥ. ಮೊದಲನೆಯ ಮತ್ತು ಎರಡನೆಯ ಸ್ಲೈಡುಗಳನ್ನೂ ಹೀಗೆಯೇ ನೋಡಿ. ಬೋರು ದೊಡ್ಡದಿರುವ ವಾದ್ಯದಲ್ಲಿ ವಾಲ್ವು ಸೋರಿದರೆ ನುಡಿಸುವವನಿಗೆ ಆಧಾರವೇ ಸಿಗುವುದಿಲ್ಲ. “ದೊಡ್ಡ ಬೋರು ದಮ್ಮು ತಿನ್ನುತ್ತದೆ” ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಸೋರಿಕೆಯೇ.

ಪಿಸ್ಟನ್‌ಗಳ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ನಿಕಲ್ ಲೇಪನದ ಪಿಸ್ಟನ್ ಆಗಿದ್ದರೆ ಲೇಪನ ಸವೆದ ಕಡೆ ಕೆಳಗಿನ ಲೋಹದ ಬಣ್ಣ ಇಣುಕುತ್ತದೆ. ಮೋನೆಲ್ ಎಂಬ ನಿಕಲ್ ಮತ್ತು ತಾಮ್ರದ ಮಿಶ್ರಲೋಹದ್ದಾದರೆ ಮೈ ಮಾಸಲು ಬೂದಿ ಬಣ್ಣಕ್ಕಿದ್ದರೂ ಆತಂಕ ಬೇಡ, ಅದರ ಸ್ವಭಾವವೇ ಹಾಗೆ. ಪಿಸ್ಟನ್‌ಗಳ ಮೇಲೆ ಕ್ರಮಸಂಖ್ಯೆ ಇದ್ದರೆ ಅದು ಎರಡನೆಯ ವಾಲ್ವಿನ ಕವಚದ ಮೇಲಿರುವ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ಬೇರೆ ವಾದ್ಯದ ಪಿಸ್ಟನ್ ತಂದು ತುರುಕಿದ ವಾದ್ಯಗಳನ್ನು ನಾನು ಕಂಡಿದ್ದೇನೆ. ಸವೆದ ಪಿಸ್ಟನ್‌ಗೆ ಮತ್ತೆ ಲೇಪನ ಹಾಕಿ ಕವಚಕ್ಕೆ ಹೊಂದಿಸುವುದು ಬಹಳ ನುರಿತವರ ಕೆಲಸ, ಅದರ ಖರ್ಚು ಹಲವು ಸಲ ವಾದ್ಯದ ಬೆಲೆಯನ್ನೇ ಮೀರುತ್ತದೆ.

ಇನ್ನು ಲೀಡ್‌ಪೈಪ್. ಈ ಮಾತನ್ನು ನನ್ನ ನಷ್ಟದಿಂದಲೇ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ಹೊರ ಊರಿನ ವ್ಯಾಪಾರಿಯೊಬ್ಬರಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ಒಂದು ಅಮೆರಿಕನ್ ಟ್ರಂಪೆಟ್ಟನ್ನು ಕೊಂಡೆ. ಲೀಡ್‌ಪೈಪಿನ ಮೇಲೆ ಸಾಸಿವೆ ಕಾಳಿನಷ್ಟು ಅಗಲದ ಮೂರು ನಸುಗೆಂಪು ಚುಕ್ಕೆಗಳಿದ್ದವು, ಅವುಗಳ ನಡುವೆ ಸೂಜಿಮೊನೆಯಷ್ಟು ಕಪ್ಪು. ಕೈಬೆವರಿನ ಕಲೆಯೆಂದು ಬಿಟ್ಟುಬಿಟ್ಟೆ. ನಾಲ್ಕನೆಯ ತಿಂಗಳು ಒಂದು ಆರತಕ್ಷತೆಯಲ್ಲಿ ನುಡಿಸುತ್ತಿರುವಾಗ ಬಲಗೈ ಹೆಬ್ಬೆರಳಿಗೆ ತೇವ ತಗುಲಿತು. ನೋಡಿದರೆ ಆ ಚುಕ್ಕೆಯೊಂದರಿಂದ ನೀರಿನ ಹನಿ ಹೊರಬಂದು ಕೂತಿತ್ತು. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ನುಡಿಸಿದ ಮೇಲೆ ಒಳಗೆ ನಿಂತ ತೇವ ಮತ್ತು ಕೊಳೆ ವರ್ಷಗಟ್ಟಲೆ ಸತುವನ್ನು ತಿಂದುಹಾಕಿ, ಜಳ್ಳಾದ ತಾಮ್ರವನ್ನಷ್ಟೇ ಉಳಿಸುತ್ತದೆ, ಕೊಳವೆ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ನೀವು ಶ್ರುತಿ ಹೊಂದಿಸುವ ಮುಖ್ಯ ಸ್ಲೈಡನ್ನು ತೆಗೆದು, ಲೀಡ್‌ಪೈಪಿನ ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಮೈ ನುಣುಪಾಗಿ ಮಿನುಗಿದರೆ ಒಳ್ಳೆಯದು. ಹುರುಕು ಹಿಡಿದಂತೆ ಒರಟಾಗಿ, ಹಸಿರು ಕಿಲುಬಿನಿಂದ ತುಂಬಿದ್ದರೆ ಹೊಸ ಲೀಡ್‌ಪೈಪಿನ ಖರ್ಚನ್ನು ಬೆಲೆಯಿಂದ ಕಳೆದು ಮಾತನಾಡಿ. ಬದಲಾಯಿಸಬಹುದಾದ ಭಾಗವಾದ್ದರಿಂದ ಅಷ್ಟಕ್ಕೇ ವಾದ್ಯವನ್ನು ಬಿಟ್ಟುಬರಬೇಕಾಗಿಲ್ಲ, ಆದರೆ ತಿಳಿದು ಕೊಳ್ಳಬೇಕು.

ನೆಗ್ಗುಗಳ ಬಗ್ಗೆ ನಾನು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಬೆಲ್‌ನ ಅಂಚಿನಲ್ಲಿ ಸಣ್ಣ ನೆಗ್ಗಿದ್ದರೆ ನಾದಕ್ಕೆ ಏನೂ ಆಗದು. ವಾಲ್ವಿನ ಕವಚ ನೆಗ್ಗಿದ್ದರೆ ಮಾತ್ರ ವಾದ್ಯವನ್ನು ಅಲ್ಲೇ ಇಟ್ಟು ಬನ್ನಿ. ಅತಿಯಾಗಿ ಹೊಳೆಯುವ ಹಳೆಯ ವಾದ್ಯದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬೆಲ್ ಮೇಲಿನ ಕೆತ್ತನೆಯ ಮೇಲೆ ಉಗುರಾಡಿಸಿದಾಗ ಗೆರೆಗಳು ಮಾಸಿ ನುಣ್ಣಗಾಗಿದ್ದರೆ ಯಾರೋ ಅದನ್ನು ಚೆನ್ನಾಗಿ ಉಜ್ಜಿ, ತಗಡನ್ನು ತೆಳ್ಳಗೆ ಮಾಡಿ, ಹೊಸ ಲ್ಯಾಕರ್, ಅಂದರೆ ಹೊಳಪಿನ ಲೇಪ, ಬಳಿದಿದ್ದಾರೆ. ಲ್ಯಾಕರ್ ಅಲ್ಲಲ್ಲಿ ಹಾರಿಹೋಗಿ ಬಣ್ಣಗೆಟ್ಟ ವಾದ್ಯವೇ ಇದಕ್ಕಿಂತ ಎಷ್ಟೋ ಮೇಲು.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಮೌತ್‌ಪೀಸ್ ಹಾಕಿ, ಮೆಲ್ಲಗೆ ನುಡಿಸಿ. ಜೋರಾಗಿ ಊದಿದರೆ ಎಲ್ಲ ಟ್ರಂಪೆಟ್ಟುಗಳೂ ಚೆನ್ನಾಗಿಯೇ ಕೇಳುತ್ತವೆ, ಪಿಸುಮಾತಿನಷ್ಟು ಸಣ್ಣ ದನಿಯಲ್ಲಿ ಸ್ವರ ಹಿಡಿದಾಗಲೇ ವಾದ್ಯದ ಗುಣ ತಿಳಿಯುವುದು. ಮೌತ್‌ಪೀಸ್ ಅಲುಗಾಡದೆ ಕೂರುತ್ತದೆಯೇ, ಮೂರು ವಾಲ್ವುಗಳೂ ಓರೆಯಾಗಿ ಒತ್ತಿದರೂ ಮೇಲೇಳುತ್ತವೆಯೇ ಎಂದು ಗಮನಿಸಿ. ವಾಲ್ವೂ ಲೀಡ್‌ಪೈಪೂ ಚೆನ್ನಾಗಿದ್ದರೆ ನನ್ನ ಮಟ್ಟಿಗೆ ಕೊಳ್ಳಬೇಕಾದ ವಾದ್ಯ ಅದು. ಆದರೆ ಮೀರತ್‌ನ ವಾದ್ಯವನ್ನು ಮಾರಬೇಡಿ. ಮೆರವಣಿಗೆಯ ಧೂಳು, ಮಳೆ, ನೂಕುನುಗ್ಗಲಿಗೆ ಅದೇ ಸರಿ.

ಪ್ರಶ್ನೆ: ಆರು ತಿಂಗಳ ಹಿಂದೆ ದೊಡ್ಡ ಬೋರಿನ ಹಳೆಯ ಬಾಕ್ ಟ್ರಂಪೆಟ್ ಕೊಂಡೆ. ವಾಲ್ವುಗಳು ಬಿಗಿಯಾಗಿವೆ. ಆದರೂ ಒಂದು ಹಾಡು ಮುಗಿಯುವಷ್ಟರಲ್ಲಿ ಉಸಿರು ಕಟ್ಟಿದಂತಾಗುತ್ತದೆ, ಶ್ರುತಿಯೂ ಅತ್ತಿತ್ತ ಅಲೆಯುತ್ತದೆ. ಮೌತ್‌ಪೀಸನ್ನೂ ದೊಡ್ಡದು ಮಾಡಿಕೊಂಡಿದ್ದೇನೆ. ತಪ್ಪು ಎಲ್ಲಿದೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಎರಡನ್ನು ಒಟ್ಟಿಗೆ ಬದಲಾಯಿಸಿದ್ದೇ ಮೊದಲ ತಪ್ಪು. ಹಳೆಯ ಮೌತ್‌ಪೀಸಿಗೆ ಮರಳಿ. ತುಟಿಗೆ ಪರಿಚಯವಿರುವ ಅಂಚು ಹಾಗೆಯೇ ಇದ್ದರೆ ವಾದ್ಯದಿಂದ ಆದ ವ್ಯತ್ಯಾಸ ಯಾವುದು, ಮೌತ್‌ಪೀಸಿನಿಂದ ಆದದ್ದು ಯಾವುದು ಎಂದು ಬೇರ್ಪಡಿಸಿ ನೋಡಬಹುದು.

ಎರಡನೆಯದಾಗಿ, ವಾಲ್ವಿನ ಫೆಲ್ಟುಗಳನ್ನು ನೋಡಿ. ಪಿಸ್ಟನ್ ಎಷ್ಟು ಕೆಳಗಿಳಿಯಬೇಕು, ಎಷ್ಟು ಮೇಲೇರಬೇಕು ಎಂಬುದನ್ನು ನಿರ್ಧರಿಸುವುದು ಈ ಪುಟ್ಟ ಉಣ್ಣೆಯ ಬಿಲ್ಲೆಗಳು ಮತ್ತು ಬಿರಡೆಯ ತುಂಡುಗಳು. ದಶಕಗಳ ಹೊಡೆತಕ್ಕೆ ಅವು ಚಪ್ಪಟೆಯಾದಾಗ ಪಿಸ್ಟನ್ನಿನ ರಂಧ್ರ ಕೊಳವೆಯ ಬಾಯಿಗೆ ನೇರವಾಗಿ ನಿಲ್ಲುವುದಿಲ್ಲ. ಎರಡನೆಯ ಸ್ಲೈಡನ್ನು ತೆಗೆದು, ವಾಲ್ವನ್ನು ಒತ್ತಿ ಹಿಡಿದು, ಆ ಕೊಳವೆಯೊಳಗೆ ಬೆಳಕು ಬಿಟ್ಟು ನೋಡಿ: ಎರಡು ವೃತ್ತಗಳು ಒಂದರ ಮೇಲೊಂದು ಸರಿಯಾಗಿ ಕೂರದೆ, ಬಿದಿಗೆಯ ಚಂದ್ರನಂತೆ ಪಿಸ್ಟನ್ನಿನ ಅಂಚು ಅಡ್ಡ ಬಂದಿದ್ದರೆ ದೋಷ ಅಲ್ಲೇ ಇದೆ. ದೊಡ್ಡ ಬೋರಿಗಾಗಿ ದುಡ್ಡು ಕೊಟ್ಟು, ದಾರಿಯಲ್ಲಿ ಅದಕ್ಕಿಂತ ದೊಡ್ಡ ಅಡ್ಡಿಯನ್ನು ಇಟ್ಟುಕೊಂಡಂತೆ ಇದು. ಹೊಸ ಫೆಲ್ಟು ಹಾಕಿಸುವುದು ಹಳೆಯ ಟ್ರಂಪೆಟ್ಟಿಗೆ ಮಾಡಬಹುದಾದ ಅತ್ಯಂತ ಅಗ್ಗದ, ಅತ್ಯಂತ ಫಲ ಕೊಡುವ ದುರಸ್ತಿ.

ಮೂರನೆಯದು ನುಡಿಸುವ ರೀತಿ. ವಾದ್ಯ ಎದುರೊತ್ತದಿದ್ದಾಗ, ಎದುರೊತ್ತಿಗೆ ಒಗ್ಗಿದ ದೇಹ ಇನ್ನೂ ಜೋರಾಗಿ ಊದಿ ಅದನ್ನು ಹುಡುಕುತ್ತದೆ. ಕೊಳವೆ ತುಂಬುವುದಿಲ್ಲ, ಶ್ವಾಸಕೋಶ ಬರಿದಾಗುತ್ತದೆ. ಮೂರು ವಾರ ಹಾಡುಗಳನ್ನು ಪಕ್ಕಕ್ಕಿಡಿ. ಟ್ರಂಪೆಟ್ಟಿನಲ್ಲಿ ವಾಲ್ವು ಒತ್ತದೆ ಬರುವ ಷಡ್ಜ ನಮ್ಮ ಲೆಕ್ಕದಲ್ಲಿ ಆರೂವರೆ ಶ್ರುತಿ. ಶ್ರುತಿಪೆಟ್ಟಿಗೆಯನ್ನು ಆರೂವರೆಗೆ ಇಟ್ಟು, ಬೆಳಿಗ್ಗೆ ಇಪ್ಪತ್ತು ನಿಮಿಷ ಷಡ್ಜ, ಪಂಚಮಗಳನ್ನು ಶ್ರುತಿಯ ದನಿಗಿಂತ ಸಣ್ಣಗೆ, ಅಲುಗಾಡದೆ ಹಿಡಿಯಿರಿ. ತುಟಿಗಳ ನಡುವಿನ ಕಿಂಡಿ ಚಿಕ್ಕದಾಗಿ, ಹತೋಟಿಗೆ ಬರುವುದು ಈ ಸಣ್ಣ ದನಿಯಲ್ಲೇ. ಶ್ರುತಿ ಅಲೆಯುವುದರಲ್ಲಿ ಒಂದು ಪಾಲು ಎಲ್ಲ ಟ್ರಂಪೆಟ್ಟುಗಳದೂ ಹೌದು: ಒಂದು ಮತ್ತು ಮೂರನೆಯ ವಾಲ್ವುಗಳನ್ನು ಒಟ್ಟಿಗೆ ಒತ್ತಿದಾಗ ಸ್ವರ ಏರುತ್ತದೆ, ಮೂರನ್ನೂ ಒತ್ತಿದಾಗ ಇನ್ನೂ ಏರುತ್ತದೆ. ಅದಕ್ಕಾಗಿಯೇ ಮೂರನೆಯ ಸ್ಲೈಡಿಗೆ ಉಂಗುರವಿದೆ, ಆ ಸ್ವರಗಳಲ್ಲಿ ಎಡಗೈ ಬೆರಳಿನಿಂದ ಅದನ್ನು ಹೊರಗೆ ತಳ್ಳಬೇಕು. ಹಳೆಯ ವಾದ್ಯದಲ್ಲಿ ಆ ಸ್ಲೈಡು ಬಿಗಿದುಕೊಂಡಿದ್ದರೆ ಮೊದಲು ಅದನ್ನು ಸಡಿಲಗೊಳಿಸಿ. ಇಕ್ಕಳ ಹಾಕಬೇಡಿ.

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ಕಾಲದ ಇಂಗ್ಲೆಂಡಿನ ಟ್ರಂಪೆಟ್ ಸಿಕ್ಕಿದೆ. ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಾಕಿ ಉಜ್ಜಬಹುದೆ? ವಾಲ್ವಿಗೆ ತೆಂಗಿನೆಣ್ಣೆ ಸಾಕೆ? ಕೀಬೋರ್ಡ್ ಜೊತೆಗೆ ನುಡಿಸಿದರೆ ಶ್ರುತಿ ಕೂಡುತ್ತಿಲ್ಲ. (ಮಂಗಳೂರಿನ ಓದುಗರು)

ಉತ್ತರ: ಹುಣಸೆಹಣ್ಣು ಬೇಡ. ಹುಳಿ ಹಿತ್ತಾಳೆಯ ಚೊಂಬನ್ನು ಬೆಳಗಿಸುತ್ತದೆ, ಆದರೆ ಇಲ್ಲಿ ವಾಲ್ವಿನ ಸೂಕ್ಷ್ಮ ಸಂದುಗಳಿಗೆ ಸೇರಿಕೊಂಡು ಲೋಹವನ್ನೇ ತಿನ್ನುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರಾವಣ ಮತ್ತು ಕೊಳವೆಯೊಳಗೆ ಬಾಗಿ ಹೋಗುವ ಬ್ರಷ್ ಸಾಕು. ಬಿಸಿನೀರು ಹಾಕಿದರೆ ಲ್ಯಾಕರ್ ಎದ್ದುಬರುತ್ತದೆ. ತೆಂಗಿನೆಣ್ಣೆಯೂ ಬೇಡ. ಅದು ಕ್ರಮೇಣ ಅಂಟಾಗುತ್ತದೆ, ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ನಿಮ್ಮ ಊರಿನ ಸೆಖೆಯಲ್ಲಿ ಓಡಿದ ವಾಲ್ವು ಘಟ್ಟ ಹತ್ತಿದ ಕೂಡಲೇ ನಿಂತುಬಿಡುತ್ತದೆ. ಕರಾವಳಿಯ ಗಾಳಿಗೆ ನುಡಿಸಿದ ಮೇಲೆ ನೀರು ಬಸಿದು, ಕೈಬೆವರನ್ನು ಒರೆಸಿ ಇಡುವುದು ಅಗತ್ಯ.

ಶ್ರುತಿಯ ತೊಂದರೆಗೆ ಬೇರೆಯದೇ ಕಾರಣ ಇರಬಹುದು. ವಾದ್ಯದ ಮೇಲೆ ‘ಹೈ ಪಿಚ್’ ಎಂದೋ ಅದರ ಮೊದಲಕ್ಷರಗಳೋ ಇವೆಯೇ ನೋಡಿ. ಇಂಗ್ಲೆಂಡಿನ ಬ್ಯಾಂಡುಗಳು ಬಹುಕಾಲ ಸೆಕೆಂಡಿಗೆ ಇಂದಿನ 440 ಕಂಪನಗಳ ಬದಲು 452ರ ಹತ್ತಿರದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಅಲ್ಲಿನ ಬ್ರಾಸ್ ಬ್ಯಾಂಡುಗಳಲ್ಲಿ ಈ ರೂಢಿ 1960ರ ದಶಕದವರೆಗೂ ಉಳಿದಿತ್ತು. ಎರಡು ಸ್ವರಸ್ಥಾನಗಳ ನಡುವಿನ ಅಂತರದ ಹೆಚ್ಚುಕಡಿಮೆ ಅರ್ಧದಷ್ಟು ವ್ಯತ್ಯಾಸ ಅದು. ಅದನ್ನು ಇಳಿಸಲು ಕೊಳವೆಯನ್ನು ಒಟ್ಟು 4 ಸೆಂಟಿಮೀಟರಿನಷ್ಟು ಉದ್ದ ಮಾಡಬೇಕು, ಮುಖ್ಯ ಸ್ಲೈಡು ಅದಕ್ಕೆ ತಕ್ಕಷ್ಟು ಹೊರಬಂದರೆ ಸಾಲದು, ಮೂರು ವಾಲ್ವಿನ ಸ್ಲೈಡುಗಳನ್ನೂ ಅದೇ ಪ್ರಮಾಣದಲ್ಲಿ ಎಳೆಯಬೇಕು. ಅಜ್ಜನ ನೆನಪಿಗೆ ಇಟ್ಟುಕೊಳ್ಳಿ, ಇತರ ವಾದ್ಯಗಳ ಜೊತೆ ನುಡಿಸಲು ಬೇರೆಯದನ್ನು ಹುಡುಕಿ.

ಪ್ರಶ್ನೆ: ನಾವು ಷಿಕಾಗೋದಲ್ಲಿ ನೆಲೆಸಿದ್ದೇವೆ. ಯುವ ಆರ್ಕೆಸ್ಟ್ರಾದಲ್ಲಿರುವ ಮಗಳಿಗೆ ದೊಡ್ಡ ಬೋರಿನ ಹಳೆಯ ಸಿ ಟ್ರಂಪೆಟ್ ಕೊಡಿಸಬೇಕೆಂದಿದ್ದೇವೆ. ಮುಂದೆ ಊರಿಗೆ ತರುವಾಗ ತೊಂದರೆಯಾಗುತ್ತದೆಯೇ?

ಉತ್ತರ: ಸಾಮಾನ್ಯ ಟ್ರಂಪೆಟ್ಟಿಗಿಂತ ಒಂದು ಸ್ವರ ಎತ್ತರದ ಶ್ರುತಿಯಲ್ಲಿರುವುದು ಸಿ ಟ್ರಂಪೆಟ್. ದೊಡ್ಡ ಬೋರಿನ ಸಿ ಟ್ರಂಪೆಟ್ಟಿಗೆ ನಿಮ್ಮ ಊರೇ ತವರು. ಅಲ್ಲಿನ ಸಿಂಫನಿ ಆರ್ಕೆಸ್ಟ್ರಾದಲ್ಲಿ 1948ರಿಂದ 2001ರವರೆಗೆ ಮುಖ್ಯ ಟ್ರಂಪೆಟ್ ವಾದಕರಾಗಿದ್ದ ಅಡಾಲ್ಫ್ ಹರ್ಸೆತ್ ಅವರೂ ಸಂಗಡಿಗರೂ 1950ರ ದಶಕದಲ್ಲಿ ಬಾಕ್ ಕಂಪನಿಯ 0.462 ಇಂಚಿನ ಸಿ ಟ್ರಂಪೆಟ್ಟುಗಳನ್ನು ಹಿಡಿದ ಮೇಲೆಯೇ ಅದು ಅಮೆರಿಕದ ಆರ್ಕೆಸ್ಟ್ರಾಗಳ ಮಾದರಿಯಾಯಿತು. ಮಗಳ ಗುರುಗಳು ಒಪ್ಪಿದರೆ ಕೊಡಿಸಿ. ವಿನ್ಸೆಂಟ್ ಬಾಕ್ ತಮ್ಮ ಕಂಪನಿಯನ್ನು 1961ರಲ್ಲಿ ಸೆಲ್ಮರ್ ಕಂಪನಿಗೆ ಮಾರುವ ಮೊದಲು ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ ತಯಾರಾದ ವಾದ್ಯಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕಟ್ಟುತ್ತಾರೆ. ವಿದ್ಯಾರ್ಥಿನಿ ಆ ಹೆಸರಿಗೆ ದುಡ್ಡು ತೆರಬೇಕಾಗಿಲ್ಲ. ತರುವಾಗ ಕೈಯಲ್ಲೇ ತನ್ನಿ, ಕೊಂಡ ರಸೀದಿ ಜೊತೆಗಿರಲಿ. ಪಾರ್ಸೆಲ್ ಮೂಲಕ ತರಿಸಿದರೆ ವಾದ್ಯದ ಬೆಲೆಗೆ ಸಾಗಣೆ ಮತ್ತು ವಿಮೆಯ ಖರ್ಚನ್ನೂ ಸೇರಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ.

ಪ್ರಶ್ನೆ: ಕರ್ನಾಟಕ ಸಂಗೀತದ ವರ್ಣ, ಕೀರ್ತನೆಗಳನ್ನು ಟ್ರಂಪೆಟ್ಟಿನಲ್ಲಿ ನುಡಿಸುವ ಪ್ರಯತ್ನದಲ್ಲಿದ್ದೇನೆ. ಗಮಕಕ್ಕೆ ದೊಡ್ಡ ಬೋರಿನ ಹಳೆಯ ವಾದ್ಯ ಹೆಚ್ಚು ಬಗ್ಗುತ್ತದೆ ಎಂದು ಕೇಳಿದ್ದೇನೆ, ನಿಜವೆ? (ಶಿವಮೊಗ್ಗದ ಓದುಗರು)

ಉತ್ತರ: ಅರ್ಧ ನಿಜ. ಸ್ವರ ತನ್ನ ಜಾಗದಲ್ಲಿ ಬಿಗಿಯಾಗಿ ಕೂರದ ವಾದ್ಯ ಗಮಕಕ್ಕೆ ಅನುಕೂಲವೇ ಹೌದು, ಆದರೆ ಆ ಗುಣ ಬೋರಿನಿಂದಷ್ಟೇ ಬರುವುದಲ್ಲ, ಕೊಳವೆಯ ಉದ್ದಕ್ಕೂ ಅಗಲ ಹೇಗೆ ಬದಲಾಗುತ್ತದೆ ಎಂಬುದರಿಂದ ಬರುವುದು. ಅಮೆರಿಕದ ಎಲ್ಕ್‌ಹಾರ್ಟ್‌ನಲ್ಲಿ ತಯಾರಾಗುತ್ತಿದ್ದ ಮಾರ್ಟಿನ್ ಕಂಪನಿಯ ‘ಕಮಿಟಿ’ ಎಂಬ ಹಳೆಯ ಮಾದರಿಯ ಟ್ರಂಪೆಟ್ ಈ ಬಾಗುವಿಕೆಗೆ ಹೆಸರಾದದ್ದು. ಜಾಝ್ ವಾದಕ ಮೈಲ್ಸ್ ಡೇವಿಸ್ ಅದನ್ನೇ ನುಡಿಸುತ್ತಿದ್ದರು. ಆ ವಾದ್ಯ ಬೇರೆ ಬೇರೆ ಬೋರುಗಳಲ್ಲಿ ಬರುತ್ತಿತ್ತು ಎಂಬುದನ್ನು ನೆನಪಿಡಿ.

ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತವರು. ಅವರ ನುಡಿಸಾಣಿಕೆಯನ್ನು ಕೇಳಿದರೆ ಗಮಕದ ಬಹುಪಾಲು ಹುಟ್ಟುವುದು ತುಟಿ ಮತ್ತು ಉಸಿರಿನಲ್ಲಿ ಎಂಬುದು ತಿಳಿಯುತ್ತದೆ. ಟ್ರಂಪೆಟ್ಟಿನಲ್ಲಿ ನಿಮಗೆ ಎರಡು ದಾರಿಗಳಿವೆ: ವಾಲ್ವನ್ನು ಅರ್ಧ ಒತ್ತಿ ಜಾರುವುದು, ತುಟಿಯಿಂದ ಸ್ವರವನ್ನು ಇಳಿಸಿ ಏರಿಸುವುದು. ಮೊದಲನೆಯದರಲ್ಲಿ ದನಿ ಮುಚ್ಚಿದಂತಾಗುವುದರಿಂದ ಅದನ್ನು ಜಾರುಗಳಿಗಷ್ಟೇ ಇಟ್ಟುಕೊಳ್ಳಿ. ಎರಡನೆಯದಕ್ಕೆ ಈಗಿರುವ ವಾದ್ಯದಲ್ಲೇ ಅಭ್ಯಾಸ ಶುರುಮಾಡಿ: ಶ್ರುತಿ ಹಾಕಿಕೊಂಡು, ಮಧ್ಯಸ್ಥಾಯಿಯ ಪಂಚಮವನ್ನು ಹಿಡಿದು, ವಾಲ್ವು ಮುಟ್ಟದೆ ಪ್ರತಿಮಧ್ಯಮದವರೆಗೆ ತುಟಿಯಲ್ಲೇ ಇಳಿಸಿ, ದನಿ ಒಡೆಯದಂತೆ ಮತ್ತೆ ಪಂಚಮಕ್ಕೆ ತನ್ನಿ. ಎರಡು ತಿಂಗಳಲ್ಲಿ ಇದು ಹತ್ತಕ್ಕೆ ಹತ್ತು ಸಲ ಸರಿಯಾಗಿ ಬಂದರೆ ಆಗ ಬೇರೆ ವಾದ್ಯ ಹುಡುಕಲು ಹೊರಡಿ, ಅಂಗಡಿಯಲ್ಲಿ ಮೊದಲು ನುಡಿಸಿ ನೋಡಬೇಕಾದದ್ದೂ ಇದನ್ನೇ.